ಮಾರಿದ ಗಾಡಿ ಈಗ ಯಾರ ಕೈಯಲ್ಲಿ? ಆರ್‌ಟಿಓ ಹೇಳದಿರುವುದಕ್ಕೆ ಖಾಸಗಿತನವೊಂದೇ ಕಾರಣವಲ್ಲ

2025ರ ನವೆಂಬರಿನ ಒಂದೇ ವಾರದಲ್ಲಿ ಎರಡು ಸುದ್ದಿ ಬಂದವು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಹಳೇ ಗಾಡಿ ಮಾರಿದವರ ತಲೆಯಲ್ಲಿ ಎರಡೂ ಸೇರಿ ಗೋಜಲಾಗಿವೆ.

ನವೆಂಬರ್ 10ರ ಸಂಜೆ ದೆಹಲಿಯ ಕೆಂಪುಕೋಟೆ ಹತ್ತಿರ ಕಾರೊಂದು ಸ್ಫೋಟಗೊಂಡಿತು. ಅದು ಹರಿಯಾಣ ನಂಬರಿನ ಐ20. ನಂಬರ್ ಹಿಡಿದು ಹೊರಟ ಪೊಲೀಸರಿಗೆ ಮೊದಲು ಸಿಕ್ಕಿದ್ದು ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಹೆಸರಿದ್ದವರು. ಅವರು ಕಾರನ್ನು ಮಾರಿ ಕಾಲವಾಗಿತ್ತು. ಆಮೇಲೆ ಅದು ಹಲವು ಕೈ ಬದಲಾಗಿತ್ತು. ಆದರೂ ಮೊದಲ ವಿಚಾರಣೆ ಎದುರಿಸಿದ್ದು ಅವರೇ.

ನಾಲ್ಕು ದಿನ ಕಳೆದು, ನವೆಂಬರ್ 14ರಂದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಹೊರಬಂದವು. ಅದರ ಜೊತೆಗೇ ಮಾಹಿತಿ ಹಕ್ಕು ಕಾಯ್ದೆಯ ಒಂದು ತಿದ್ದುಪಡಿಯೂ ಜಾರಿಯಾಯಿತು. ವೈಯಕ್ತಿಕ ಮಾಹಿತಿಯನ್ನು ಸರ್ಕಾರಿ ಕಚೇರಿಗಳು ಕೊಡಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ.

ಮೊದಲ ಸುದ್ದಿ ಓದಿದವರಿಗೆ ತಾವು ಮಾರಿದ ಗಾಡಿ ಈಗ ಯಾರ ಹತ್ತಿರ ಇದೆ ಎಂಬ ಚಿಂತೆ ಹತ್ತಿತು. ಎರಡನೆಯದು ಓದಿದವರಿಗೆ ಅದನ್ನು ಕೇಳಿದರೂ ಹೇಳುವುದಿಲ್ಲ ಎನ್ನಿಸಿತು. ಹಾಗಾದರೆ ಮಾರಿದವರು ಏನು ಮಾಡಬೇಕು? ಗಾಡಿ ಎಲ್ಲಿದೆ ಎಂದು ತಿಳಿಯುವ ಹಕ್ಕು ಅವರಿಗಿಲ್ಲವೇ? ಮಂಗಳೂರು, ಉಡುಪಿಯ ಮಟ್ಟಿಗೆ ಈ ಪ್ರಶ್ನೆ ಸ್ವಲ್ಪ ಜಾಸ್ತಿಯೇ ತೊಡಕಿನದ್ದು. ಅದಕ್ಕೆ ಕಾರಣ ಮುಂದೆ ಬರುತ್ತದೆ.

ನಕ್ಷತ್ರಗಳ ಹಿಂದಿನ ಹೆಸರು

ಸಾರಿಗೆ ಸಚಿವಾಲಯದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಮಂಗಳೂರಿನ ಕೆಎ-19 ಅಥವಾ ಉಡುಪಿಯ ಕೆಎ-20ರ ಯಾವುದೇ ನಂಬರ್ ಹಾಕಿ ನೋಡಿ. ಗಾಡಿಯ ಮಾಡೆಲ್, ನೋಂದಣಿಯಾದ ದಿನ, ಇನ್ಶೂರೆನ್ಸ್ ಯಾವತ್ತಿನವರೆಗೆ ಇದೆ ಎಂಬ ವಿವರ ಬರುತ್ತದೆ. ಮಾಲೀಕರ ಹೆಸರಿನ ಜಾಗದಲ್ಲಿ ಮಾತ್ರ ಬಿಡಿ ಅಕ್ಷರಗಳು, ನಡುವೆ ಸಾಲು ನಕ್ಷತ್ರ. ವಿಳಾಸ, ಫೋನ್ ನಂಬರ್ ಇಲ್ಲವೇ ಇಲ್ಲ. ಕೆಲವು ವರ್ಷಗಳ ಹಿಂದೆ ಪೂರ್ತಿ ಹೆಸರೇ ಕಾಣುತ್ತಿತ್ತು.

ಹೆಸರು ಮುಚ್ಚಿದ್ದಕ್ಕೆ ಹೊಸ ಕಾಯ್ದೆ ಕಾರಣ ಎಂದು ಬಹಳ ಜನ ನಂಬಿದ್ದಾರೆ. ಅದು ಸರಿಯಲ್ಲ. ಮುಚ್ಚುವ ಕೆಲಸ ಆ ನಿಯಮಗಳು ಬರುವುದಕ್ಕಿಂತ ಮೊದಲೇ ಆಗಿತ್ತು.

ಇದರ ಹಿಂದಿನ ಕತೆ ಸ್ವಲ್ಪ ತಮಾಷೆಯದ್ದು. 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಗಾಡಿಗಳ ದತ್ತಾಂಶವನ್ನು ಸಗಟಾಗಿ ಕೊಡುವ ನೀತಿಯೊಂದನ್ನು ತಂದಿತು. ವ್ಯಾಪಾರಿ ಸಂಸ್ಥೆಗಳಿಗೆ ಬೆಲೆ 3 ಕೋಟಿ ರೂಪಾಯಿ. ಶಿಕ್ಷಣ ಸಂಸ್ಥೆಗಳಿಗೆ 5 ಲಕ್ಷ. ಅದೇ ವರ್ಷ ಜುಲೈನಲ್ಲಿ ಸಾರಿಗೆ ಸಚಿವ ನಿತಿನ್ ಗಡ್ಕರಿ ರಾಜ್ಯಸಭೆಗೆ ಇನ್ನೊಂದು ಲೆಕ್ಕ ಕೊಟ್ಟರು. ಗಾಡಿಗಳ 'ವಾಹನ್' ಮತ್ತು ಲೈಸೆನ್ಸ್‌ಗಳ 'ಸಾರಥಿ' ದತ್ತಾಂಶವನ್ನು ನೋಡಲು 87 ಖಾಸಗಿ ಸಂಸ್ಥೆಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ಅವಕಾಶ ಕೊಡಲಾಗಿದೆ, ಅದರಿಂದ ಸುಮಾರು 65 ಕೋಟಿ ರೂಪಾಯಿ ಬಂದಿದೆ ಎಂಬುದು ಅವರ ಉತ್ತರ. 2020ರ ಜೂನ್‌ನಲ್ಲಿ ಖಾಸಗಿತನ ಮತ್ತು ದುರ್ಬಳಕೆಯ ಆತಂಕ ಎಂದು ಹೇಳಿ ಸಗಟು ನೀತಿಯನ್ನು ಕೈಬಿಟ್ಟರು.

ಗಾಡಿ ಮಾರಿದ ಒಬ್ಬ ಸಾಮಾನ್ಯ ಮನುಷ್ಯನಿಗೆ ಇವತ್ತು ಖಾಸಗಿತನದ ಮಾತು ಹೇಳುವ ವ್ಯವಸ್ಥೆಯೇ ಸ್ವಲ್ಪ ಹಿಂದೆ ಇದೇ ದತ್ತಾಂಶಕ್ಕೆ ಬೆಲೆ ಕಟ್ಟಿ ಕೊಡುತ್ತಿತ್ತು. ಈ ಸಿಟ್ಟು ನ್ಯಾಯವಾದದ್ದೇ. ಆದರೆ ಗಾಡಿ ಯಾರ ಹತ್ತಿರ ಇದೆ ಎಂಬ ಪ್ರಶ್ನೆಗೆ ಇದರಿಂದ ಉತ್ತರ ಸಿಗುವುದಿಲ್ಲ.

ದಾಖಲೆಯಲ್ಲೇ ಇಲ್ಲದ ಹೆಸರು

ಇಲ್ಲಿ ಎರಡು ಬೇರೆ ಬೇರೆ ಸ್ಥಿತಿಗಳಿವೆ. ಅವುಗಳನ್ನು ಬೆರೆಸಿದ್ದರಿಂದಲೇ ಗೊಂದಲ ಹುಟ್ಟಿದೆ.

ಒಂದು, ನೀವು ಗಾಡಿ ಮಾರಿದ್ದೀರಿ, ಆರ್‌ಸಿ ಕೊಂಡವರ ಹೆಸರಿಗೆ ಆಗಿದೆ. ಆಗ ಹೊಸ ಮಾಲೀಕರ ಹೆಸರು ಆರ್‌ಟಿಓ ದಾಖಲೆಯಲ್ಲಿದೆ, ನಿಮಗೆ ಕಾಣುವುದಿಲ್ಲ. ಇಲ್ಲಿ ಖಾಸಗಿತನದ ಪ್ರಶ್ನೆ ನಿಜಕ್ಕೂ ಇದೆ. ಆದರೆ ಗಾಡಿಯ ಹೊಣೆ ನಿಮ್ಮ ಮೇಲಿಲ್ಲದ ಕಾರಣ ಆ ಹೆಸರು ನಿಮಗೆ ಬೇಕಾಗುವುದೂ ಅಪರೂಪ.

ಇನ್ನೊಂದು, ಗಾಡಿ ಕೊಟ್ಟಿದ್ದೀರಿ, ದುಡ್ಡು ಬಂದಿದೆ, ಹೆಸರು ಬದಲಾಗಿಲ್ಲ. ಈಗ ಗಾಡಿ ಯಾರ ಹತ್ತಿರ ಇದೆ ಎಂದು ಆರ್‌ಟಿಓಗೆ ಹೋಗಿ ಕೇಳಿದರೆ ಅವರ ಕಂಪ್ಯೂಟರ್ ತೋರಿಸುವುದು ನಿಮ್ಮದೇ ಹೆಸರು. ಯಾರೂ ಏನನ್ನೂ ಮುಚ್ಚಿಟ್ಟಿಲ್ಲ. ಹೇಳಲು ಅವರ ಹತ್ತಿರ ಬೇರೆ ಹೆಸರೇ ಇಲ್ಲ. ದಂಡದ ನೋಟಿಸ್ ಬಂದು ಗಾಬರಿಯಾಗಿ ಗಾಡಿ ಹುಡುಕಲು ಹೊರಡುವವರು ಸಾಮಾನ್ಯವಾಗಿ ಈ ಎರಡನೇ ಗುಂಪಿನವರು. ಹೆಸರು ಬದಲಾಗಿದ್ದರೆ ನೋಟಿಸ್ ಅವರ ಮನೆಗೆ ಯಾಕೆ ಬರುತ್ತಿತ್ತು, ಅಲ್ವಾ?

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಗಾಡಿ ಯಾರ ಹೆಸರಿನಲ್ಲಿ ನೋಂದಣಿ ಆಗಿದೆಯೋ ಅವರೇ ಮಾಲೀಕರು. ಸಾಲದ ಗಾಡಿ, ಲೀಸ್‌ನ ಗಾಡಿಗಳಿಗೆ ಬೇರೆ ಲೆಕ್ಕವಿದೆ, ಅದು ಇಲ್ಲಿ ಬೇಡ. ಕಾಯ್ದೆಯ 50ನೇ ಸೆಕ್ಷನ್ ಮಾರಾಟದ ಬಗ್ಗೆ ಹೇಳುತ್ತದೆ. ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು, ಹೊರರಾಜ್ಯಕ್ಕಾದರೆ 45 ದಿನದೊಳಗೆ. ಕೊಂಡವರಿಗೆ 30 ದಿನ. ತಿಳಿಸಲು ಫಾರಂ 29, ಹೆಸರು ಬದಲಿಸಲು ಫಾರಂ 30. ಕೇಂದ್ರದ ನಿಯಮದಲ್ಲಿ ಹೆಸರು ಬದಲಾವಣೆಯ ಮೂಲ ಶುಲ್ಕ ಸ್ಕೂಟರಿಗೆ 150 ರೂಪಾಯಿ, ಸ್ವಂತ ಬಳಕೆಯ ಕಾರಿಗೆ 300. ಕಾರ್ಡು, ಸೇವಾ ಶುಲ್ಕ ಬೇರೆ. ತಿಳಿಸದೆ ಕುಳಿತರೆ ದಂಡವೂ ಭಾರೀ ಏನಲ್ಲ, ಮೊದಲ ಸಲಕ್ಕೆ 500 ರೂಪಾಯಿಯವರೆಗೆ.

ಇಷ್ಟು ಕಡಿಮೆ ಖರ್ಚಿನ ಕೆಲಸ ಯಾಕೆ ಆಗುವುದಿಲ್ಲ? ಕರಾವಳಿಯಲ್ಲಿ ಇದಕ್ಕೆ ನಮ್ಮದೇ ಆದ ಕಾರಣಗಳಿವೆ.

ಮೊದಲನೆಯದು ಗಲ್ಫ್. ರಜೆಗೆ ಬಂದವರು ವಾಪಸ್ ಹೋಗುವ ಎರಡು ದಿನ ಮುಂಚೆ ಕಾರು ಮಾರುತ್ತಾರೆ. ಫಾರಂಗೆ ಸಹಿ ಹಾಕಿ, ಹಳೇ ಗಾಡಿ ಕೊಂಡು ಮಾರುವ ಆಟೋ ಕನ್ಸಲ್ಟೆಂಟ್ ಕೈಗೆ ಕೊಟ್ಟು ಬಜ್ಪೆಯಲ್ಲಿ ವಿಮಾನ ಹತ್ತುತ್ತಾರೆ. ಈಗ ಅರ್ಜಿ ಆನ್‌ಲೈನ್. ದಾಖಲೆಯಲ್ಲಿರುವ ಮೊಬೈಲ್ ನಂಬರಿಗೆ ಒಟಿಪಿ ಹೋಗುತ್ತದೆ. ಆ ಸಿಮ್ ಬಂದ್ ಆಗಿರುತ್ತದೆ. ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು ಮಣಿಪಾಲದ ಸ್ಕೂಟರ್‌ಗಳು. ಸೀನಿಯರ್ ಜೂನಿಯರಿಗೆ ಮಾರುತ್ತಾನೆ, ಆ ಜೂನಿಯರ್ ಇನ್ನೊಬ್ಬನಿಗೆ. ಪ್ರತಿ ಸಲ ಕೈ ಬದಲಾಗುವುದು ಕೀ ಮತ್ತು ಆರ್‌ಸಿ ಕಾರ್ಡು ಮಾತ್ರ. ಮೊದಲ ಮಾಲೀಕ ಕೊಚ್ಚಿಯಲ್ಲೋ ಪುಣೆಯಲ್ಲೋ ಕೆಲಸಕ್ಕೆ ಸೇರಿರುತ್ತಾನೆ. ಗಾಡಿ ಮಾತ್ರ ಟೈಗರ್ ಸರ್ಕಲಿಗೂ ಎಂಡ್ ಪಾಯಿಂಟಿಗೂ ಅವನ ಹೆಸರಿನಲ್ಲೇ ಓಡುತ್ತಿರುತ್ತದೆ.

ಮೂರನೆಯದು ಕೇರಳ ಗಡಿಯ ತಲಪಾಡಿಯ ಆಚೆ. ಮಂಜೇಶ್ವರಕ್ಕೋ ಕಾಸರಗೋಡಿಗೋ ಮಾರಿದ ಗಾಡಿಗೆ ಇಲ್ಲಿಂದ ಎನ್‌ಓಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಫಾರಂ 28 ತೆಗೆದು ಕೊಡುತ್ತಾರೆ. ಎನ್‌ಓಸಿ ಕೊಟ್ಟ ಮೇಲೆ ತನ್ನ ಕೆಲಸ ಮುಗಿಯಿತು ಎಂದು ಮಾರಿದವರು ತಿಳಿಯುತ್ತಾರೆ. ಆದರೆ ಕೊಂಡವರು ಕೇರಳದಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್ ಪಡೆಯುವವರೆಗೂ ಹಳೇ ಹೆಸರು ಹಳೇ ಜಾಗದಲ್ಲೇ ಇರುತ್ತದೆ. ತೆರಿಗೆ ಜಾಸ್ತಿ ಎಂದು ಅವರು ವರ್ಷಗಟ್ಟಲೆ ಮುಂದೂಡಿದರೆ? ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿ ನೋಂದಣಿ ಮಾಡಿಸಬೇಕು ಎಂಬ ನಿಯಮವಿದೆ. ತಪಾಸಣೆಯಲ್ಲಿ ಸಿಕ್ಕಿಬೀಳುವವರೆಗೆ ಅದು ಪುಸ್ತಕದಲ್ಲಿರುತ್ತದೆ.

ಇವೆಲ್ಲದರ ಜೊತೆಗೆ, ಖಾಲಿ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳುವ ಹಳೇ ಪದ್ಧತಿ. ಕನ್ಸಲ್ಟೆಂಟ್‌ಗೆ ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಮತ್ತೆ ಮಾರುವ ಎರಡೆರಡು ಖರ್ಚು ಬೇಡ. ಗಿರಾಕಿ ಸಿಕ್ಕಿದ ದಿನ ಅವರ ಹೆಸರು ತುಂಬಿದರಾಯಿತು. ಅಷ್ಟು ದಿನ ಗಾಡಿ ಓಡಿಸಿದವರು, ಟ್ರಯಲ್ ನೋಡಿದವರು, ಎರವಲು ಒಯ್ದವರು ಯಾರೂ ದಾಖಲೆಯಲ್ಲಿರುವುದಿಲ್ಲ. ಇದನ್ನು ತಡೆಯಲೆಂದೇ ಕೇಂದ್ರ 2022ರ ಡಿಸೆಂಬರಿನಲ್ಲಿ ನಿಯಮ ತಿದ್ದಿತು. ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಧಿಕೃತ ಡೀಲರಿಗೆ ಗಾಡಿ ಕೊಟ್ಟ ಕೂಡಲೇ ಫಾರಂ 29ಸಿಯಲ್ಲಿ ಪೋರ್ಟಲ್‌ಗೆ ತಿಳಿಸಬೇಕು. ಅಲ್ಲಿಂದ ಮುಂದೆ ಗಾಡಿಯ ಹೊಣೆ ಡೀಲರದ್ದು. ಒಳ್ಳೆಯ ನಿಯಮ. ಆದರೆ ಅದು ರಕ್ಷಿಸುವುದು ಅಧಿಕೃತ ಡೀಲರಿಗೆ ಮಾರಿದವರನ್ನು ಮಾತ್ರ. ಪರಿಚಯದವರ ಮೂಲಕ, ಮೊಬೈಲ್ ಜಾಹೀರಾತಿನ ಮೂಲಕ ನಡೆಯುವ ಮಾರಾಟಕ್ಕೆ ಹಳೇ ದಾರಿಯೇ ಗತಿ.

ಕೋರ್ಟ್ ಯಾಕೆ ಹಳೇ ಮಾಲೀಕರನ್ನೇ ಹಿಡಿಯುತ್ತದೆ

ದುಡ್ಡು ತೆಗೆದುಕೊಂಡು ಕೀ ಕೊಟ್ಟ ಮೇಲೆ ಗಾಡಿ ತನ್ನದಲ್ಲ ಎನ್ನುವುದು ಸಾಮಾನ್ಯ ತಿಳಿವಳಿಕೆ. ವಸ್ತು ಮಾರಾಟದ ಲೆಕ್ಕದಲ್ಲಿ ಅದು ಸರಿಯೂ ಹೌದು. ಅಪಘಾತ ಪರಿಹಾರದ ಲೆಕ್ಕ ಮಾತ್ರ ಬೇರೆ.

2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಅಲ್ಲಿ ಕಾರು ನಾಲ್ಕಾರು ಕೈ ಬದಲಾಗಿತ್ತು. ಆರ್‌ಸಿ ಮಾತ್ರ ಮೊದಲನೆಯವರ ಹೆಸರಿನಲ್ಲೇ ಇತ್ತು. ಪರಿಹಾರದ ಹೊಣೆ ಅವರದ್ದೇ ಎಂದು ಕೋರ್ಟ್ ತೀರ್ಪು ಕೊಟ್ಟಿತು. ಅದರ ತರ್ಕ ಸರಳ. ಗಾಡಿ ಬಡಿದು ಮನೆಯವರನ್ನು ಕಳೆದುಕೊಂಡವರು, ನೋಂದಣಿಯೇ ಆಗದ ಮಾರಾಟಗಳ ಜಾಡು ಹಿಡಿದು ಒಬ್ಬರಾದ ಮೇಲೆ ಒಬ್ಬರನ್ನು ಹುಡುಕುತ್ತಾ ಅಲೆಯಬೇಕೇ? ಆ ಕಷ್ಟವನ್ನು ಅವರ ಮೇಲೆ ಹೇರಬಾರದು. ದಾಖಲೆಯಲ್ಲಿ ಹೆಸರಿದ್ದವರು ಕೊಡಲಿ.

ಅದೇ ವರ್ಷದ ಕೊನೆಗೆ ಬಂದ ಪ್ರಕಾಶ್ ಚಂದ್ ಡಾಗಾ ಪ್ರಕರಣ ಇನ್ನೂ ಬಿಗಿಯಾದದ್ದು. ಅಲ್ಲಿ ಕಾರು ಮಾರಿ ಒಂದು ತಿಂಗಳೂ ತುಂಬಿರಲಿಲ್ಲ, ಅಪಘಾತ ನಡೆಯಿತು. ಕೊಂಡವರಿಗೆ ಕಾನೂನು ಕೊಟ್ಟ 30 ದಿನವೇ ಇನ್ನೂ ಮುಗಿದಿರಲಿಲ್ಲ. ಆದರೂ ಹೆಸರು ಬದಲಾಗುವವರೆಗೆ ಹಳೇ ಮಾಲೀಕರೇ ಮಾಲೀಕರು ಎಂದಿತು ಕೋರ್ಟ್. ಹಾಗಾಗಿ ಆ 30 ದಿನವನ್ನು ಮಾರಿದವರಿಗೆ ಸಿಕ್ಕ ರಿಯಾಯಿತಿ ಎಂದು ಯಾರೂ ತಿಳಿಯಬೇಕಾಗಿಲ್ಲ.

ಇನ್ಶೂರೆನ್ಸ್ ಇದ್ದರೆ ಪರಿಹಾರದ ಹೊರೆ ಕಂಪನಿಯ ಮೇಲೆ ಹೋಗುತ್ತದೆ. ಗಾಡಿ ಮಾರಾಟವಾದಾಗ ಮೂರನೆಯವರಿಗೆ, ಅಂದರೆ ಗಾಡಿ ಬಡಿದು ನೊಂದವರಿಗೆ, ಸಂಬಂಧಿಸಿದ ವಿಮೆ ಕೊಂಡವರಿಗೆ ತಾನಾಗಿ ದಾಟುತ್ತದೆ ಎಂದು 157ನೇ ಸೆಕ್ಷನ್ ಹೇಳುತ್ತದೆ. ಸ್ವಂತ ಗಾಡಿಗೆ ಆದ ಹಾನಿಯ ವಿಮೆ ಹಾಗೆ ದಾಟುವುದಿಲ್ಲ. ನಿಜವಾದ ಅಪಾಯ ಇರುವುದು ವಿಮೆ ಮುಗಿದ ಮೇಲೆ. ಕೊಂಡವರು ರಿನ್ಯೂ ಮಾಡದೆ ಓಡಿಸಿದರೆ, ಆ ಗಾಡಿ ಯಾರಿಗಾದರೂ ಬಡಿದರೆ, ಲಕ್ಷಗಟ್ಟಲೆ ಪರಿಹಾರದ ಆದೇಶ ಗಾಡಿಯ ಮುಖ ನೋಡಿ ವರ್ಷಗಳಾದವರ ಮೇಲೆ ಬರುತ್ತದೆ. ಹೆಸರು ಬದಲಿಸದಿದ್ದಕ್ಕೆ ದಂಡ 500 ರೂಪಾಯಿ, ಅದರ ಪರಿಣಾಮಕ್ಕೆ ಮಿತಿಯೇ ಇಲ್ಲ. ಕಾನೂನಿನ ಬಹುದೊಡ್ಡ ದೋಷ ಇಲ್ಲೇ ಇದೆ. ಸಣ್ಣ ದಂಡ ನೋಡಿ ಜನ ಇದನ್ನು ಸಣ್ಣ ವಿಷಯ ಎಂದುಕೊಳ್ಳುತ್ತಾರೆ.

ಟ್ರಾಫಿಕ್ ದಂಡದ್ದು ಇದಕ್ಕೆ ಹೋಲಿಸಿದರೆ ಚಿಲ್ಲರೆ ತಲೆನೋವು. 2023ರ ಫೆಬ್ರವರಿಯಲ್ಲಿ, ಮತ್ತೆ 2025ರಲ್ಲಿ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ ಕೊಟ್ಟಿತು. ರಿಯಾಯಿತಿಯ ಆಸೆಗೆ ಬಾಕಿ ನೋಡಲು ಹೋದರೆ ಎಂದೋ ಮಾರಿದ ಗಾಡಿಯ ಹೆಲ್ಮೆಟ್ ಇಲ್ಲದ ಫೋಟೋಗಳು ಹಳೇ ಮಾಲೀಕರ ಖಾತೆಯಲ್ಲೇ ಸಾಲಾಗಿ ಕೂತಿರಬಹುದು.

ಖಾಸಗಿತನದ ಕಾನೂನು ಎಲ್ಲಿಯವರೆಗೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆ ತೀರ್ಪಿನಲ್ಲೇ ಮಿತಿಯೂ ಇದೆ. ಕಾನೂನಿನ ಬಲವಿದ್ದು, ಸರಿಯಾದ ಉದ್ದೇಶವಿದ್ದು, ಎಷ್ಟು ಬೇಕೋ ಅಷ್ಟೇ ಎಂಬಂತೆ ನಡೆದುಕೊಂಡರೆ ಸರ್ಕಾರ ಖಾಸಗಿ ವಿವರವನ್ನು ಬಳಸಬಹುದು.

2023ರ ಆಗಸ್ಟಿನಲ್ಲಿ ಬಂದ ದತ್ತಾಂಶ ಕಾಯ್ದೆಯೂ ಇದೇ ದಾರಿಯಲ್ಲಿದೆ. ಅದರ 17ನೇ ಸೆಕ್ಷನ್ ಹಲವು ವಿನಾಯಿತಿಗಳನ್ನು ಕೊಡುತ್ತದೆ. ಅಪರಾಧ ತಡೆ ಮತ್ತು ತನಿಖೆ ಅವುಗಳಲ್ಲಿ ಒಂದು. ಕಾನೂನಿನ ಹಕ್ಕನ್ನು ಚಲಾಯಿಸಲು ವಿವರ ಬೇಕಾಗಿದ್ದರೆ ಅದಕ್ಕೂ ವಿನಾಯಿತಿ ಇದೆ. ಇದನ್ನು ಓದಿದವರು ನನ್ನ ಹಕ್ಕಿಗಾಗಿ ಕೇಳುತ್ತಿದ್ದೇನೆ, ಕೊಡಲೇಬೇಕು ಎಂದು ವಾದಿಸುವುದುಂಟು. ಆದರೆ ವಿನಾಯಿತಿಗೆ ಅಷ್ಟು ಬಲವಿಲ್ಲ. ವಿವರ ಇಟ್ಟುಕೊಂಡವರು ಅದನ್ನು ಕೊಟ್ಟರೆ ತಪ್ಪಲ್ಲ ಎಂದಷ್ಟೇ ಅದು ಹೇಳುತ್ತದೆ. ಕೊಡಲೇಬೇಕು ಎಂದು ಎಲ್ಲೂ ಹೇಳುವುದಿಲ್ಲ. ತಪ್ಪು ಮಾಡಿದರೆ ಭಾರೀ ದಂಡ, ಕೊಡದಿದ್ದರೆ ಏನೂ ಇಲ್ಲ ಎಂದಾದಾಗ ಕೌಂಟರಿನಲ್ಲಿ ಕೂತ ಗುಮಾಸ್ತರು ಏನು ಮಾಡುತ್ತಾರೆ? ಸುಮ್ನೆ ಇಲ್ಲ ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಕಾಯ್ದೆಯ ಮುಖ್ಯ ಭಾಗಗಳು, ಈ 17ನೇ ಸೆಕ್ಷನ್ ಸೇರಿ, ಜಾರಿಗೆ ಬರುವುದು ನಿಯಮ ಪ್ರಕಟವಾದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ. ಮಾಹಿತಿ ಹಕ್ಕಿನ ತಿದ್ದುಪಡಿ ಮಾತ್ರ 2025ರ ನವೆಂಬರಿನಲ್ಲೇ ಜಾರಿಯಾಗಿದೆ. ಮೊದಲು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಒಂದು ತೂಕ ಹಾಕುತ್ತಿತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಕೊಟ್ಟರೆ ಅನಗತ್ಯವಾಗಿ ಖಾಸಗಿತನಕ್ಕೆ ಧಕ್ಕೆಯಾಗುವ ಮಾಹಿತಿಯನ್ನು ತಡೆಹಿಡಿಯಬಹುದಿತ್ತು. ದೊಡ್ಡ ಸಾರ್ವಜನಿಕ ಹಿತವಿದ್ದರೆ ಅದನ್ನೂ ಕೊಡಬೇಕಿತ್ತು. ಈಗ ಅಲ್ಲಿ ಉಳಿದಿರುವುದು ವೈಯಕ್ತಿಕ ಮಾಹಿತಿಯಾದರೆ ತಡೆಹಿಡಿಯಬಹುದು ಎಂಬಷ್ಟೇ. ಮುಚ್ಚುವ ಭಾಗ ಮೊದಲು ಬಂತು, ವಿನಾಯಿತಿಗಳ ಭಾಗ ಆಮೇಲೆ ಬರಲಿದೆ. ಈ ನಡುವಿನ ಕಾಲದಲ್ಲಿ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಹೊಸ ಮಾಲೀಕರ ಹೆಸರು ಪಡೆಯುತ್ತೇನೆ ಎನ್ನುವವರಿಗೆ ಹೆಚ್ಚು ಭರವಸೆ ಕೊಡಲಾಗದು. ಸಾರ್ವಜನಿಕ ಹಿತ ಜಾಸ್ತಿ ತೂಗಿದರೆ ಮಾಹಿತಿ ಕೊಡಬಹುದು ಎನ್ನುವ 8(2) ಇನ್ನೂ ಉಳಿದಿದೆ, ನಿಜ. ಆದರೆ ಒಬ್ಬರ ಗಾಡಿಯ ಚಿಂತೆ ಸಾರ್ವಜನಿಕ ಹಿತ ಎಂದು ಸಾಧಿಸುವುದು ಕಷ್ಟ.

ಹೆಸರು ಸಿಗಬೇಕಾದವರಿಗೆ ಸಿಗುವ ದಾರಿ

ಅಪಘಾತದಲ್ಲಿ ನೊಂದವರಿಗೆ ಕಾನೂನು ನೇರ ದಾರಿ ಇಟ್ಟಿದೆ. ಮೋಟಾರು ವಾಹನ ಕಾಯ್ದೆಯ 160ನೇ ಸೆಕ್ಷನ್ ಪ್ರಕಾರ, ಪರಿಹಾರ ಕೇಳುವ ಹಕ್ಕಿದೆ ಎನ್ನುವವರು ಕೇಳಿದರೆ ನೋಂದಣಿ ಅಧಿಕಾರಿ ಅಥವಾ ಠಾಣೆಯ ಅಧಿಕಾರಿ ತಮ್ಮಲ್ಲಿರುವ ಗಾಡಿಯ ವಿವರ, ಆ ಹೊತ್ತಿಗೆ ಗಾಡಿ ಬಳಸುತ್ತಿದ್ದವರ ಹೆಸರು, ವಿಳಾಸವನ್ನು ಶುಲ್ಕ ಪಡೆದು ಕೊಡಬೇಕು. ಇಲ್ಲಿ ಕೊಡಬಹುದು ಎಂಬ ಮಾತಿಲ್ಲ, ಕೊಡಲೇಬೇಕು. ಪಂಪ್‌ವೆಲ್‌ನಲ್ಲೋ ಅಂಬಲಪಾಡಿಯಲ್ಲೋ ಗಾಡಿ ಬಡಿದು ಹೋದರೆ, ನಂಬರ್ ಸಿಕ್ಕಿದ್ದರೆ, ಆ್ಯಪ್‌ನ ನಕ್ಷತ್ರ ನೋಡಿ ಸೋತು ಕೂರಬೇಕಾಗಿಲ್ಲ. ಪರಿಹಾರದ ಅರ್ಜಿಗೆ ಈಗ ಆರು ತಿಂಗಳ ಗಡುವಿರುವುದರಿಂದ ತಡವನ್ನೂ ಮಾಡಬಾರದು.

ಪೊಲೀಸರಿಗೆ 133ನೇ ಸೆಕ್ಷನ್ ಇದೆ. ಗಾಡಿ ಓಡಿಸಿದ್ದು ಯಾರು ಎಂದು ಅಧಿಕಾರವಿರುವ ಪೊಲೀಸ್ ಅಧಿಕಾರಿ ಕೇಳಿದರೆ ಮಾಲೀಕರು ಹೇಳಬೇಕು. ಮಾರಿದವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಯಾರಿಗೆ ಕೊಟ್ಟೆ ಎಂದು ತೋರಿಸುವ ಒಂದು ಚೀಟಿಯೂ ಅವರ ಹತ್ತಿರ ಇರುವುದಿಲ್ಲ. ಇನ್ನು ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಬಳಸಿ ಪೊಲೀಸರಾಗಲಿ ಕೋರ್ಟಾಗಲಿ ವಿಮಾ ಕಂಪನಿಯಿಂದ, ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿನಿಂದ ದಾಖಲೆ ತರಿಸಬಹುದು. ಅವರ ಮುಂದೆ ಖಾಸಗಿತನದ ಗೋಡೆ ಇಲ್ಲ.

ಹಾಗಾದರೆ ಈ ವ್ಯವಸ್ಥೆಯಲ್ಲಿ ಯಾರಿಗೆ ಜಾಗವಿಲ್ಲ? ಅಪಘಾತವೂ ಆಗದ, ಅಪರಾಧವೂ ನಡೆಯದ, ಮುಂದೆ ಏನಾದರೂ ಆದೀತು ಎಂಬ ಹೆದರಿಕೆ ಮಾತ್ರ ಇರುವ ಮಾರಾಟಗಾರರಿಗೆ. ಹಾಗೆಯೇ ಅಪ್ಪನ ಹಳೇ ಪದ್ಮಿನಿ ಕಾರು ಈಗ ಎಲ್ಲಿದೆ, ಸಿಕ್ಕರೆ ವಾಪಸ್ ಕೊಳ್ಳೋಣ ಎನ್ನುವವರಿಗೆ. ಅಂಥ ಪ್ರೀತಿಯನ್ನು ನಮ್ಮ ಕಾನೂನು ಕಾರಣವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮುಚ್ಚಿದ್ದು ಸರಿಯೇ?

ನಂಬರ್ ಪ್ಲೇಟ್ ಇರುವುದೇ ಗಾಡಿ ಯಾರದ್ದೆಂದು ಗೊತ್ತಾಗಲಿ ಎಂದು, ಹಾಗಿರುವಾಗ ಹೆಸರು ಮುಚ್ಚಿದರೆ ಪ್ಲೇಟ್ ಯಾಕೆ ಎಂಬುದು ಒಂದು ವಾದ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಎದುರಿಗಿರುವ ವ್ಯಕ್ತಿಯೇ ಮಾಲೀಕನೋ ಎಂದು ಪರೀಕ್ಷಿಸಲೂ ಹೆಸರು ಬೇಕು. ಇದರಲ್ಲಿ ಹುರುಳಿದೆ.

ಇದಕ್ಕೆ ಎದುರಾಗಿ ಒಂದು ಹಳೇ ಘಟನೆ ಇದೆ. 1989ರಲ್ಲಿ ಅಮೆರಿಕದ ನಟಿ ರೆಬೆಕಾ ಶೇಫರ್ ಅವರನ್ನು ಹಿಂಬಾಲಿಸುತ್ತಿದ್ದವನೊಬ್ಬ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದ. ಆ ಮನೆಯ ವಿಳಾಸ ಅವನಿಗೆ ಸಿಕ್ಕಿದ್ದು ಖಾಸಗಿ ಪತ್ತೇದಾರನೊಬ್ಬನ ಮೂಲಕ, ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆಯ ದಾಖಲೆಯಿಂದ. ಅಲ್ಲಿ 1994ರಲ್ಲಿ ಚಾಲಕರ ಖಾಸಗಿತನಕ್ಕೆ ಪ್ರತ್ಯೇಕ ಕಾನೂನು ಬರಲು ಇಂಥ ಘಟನೆಗಳೇ ಕಾರಣ.

ನಮ್ಮ ಊರಿಗೆ ಬಂದರೆ ಈ ವಾದ ಇನ್ನೂ ಗಟ್ಟಿಯಾಗುತ್ತದೆ. ಕರಾವಳಿಯಲ್ಲಿ ನೈತಿಕ ಪೊಲೀಸ್‌ಗಿರಿಯ ಸುದ್ದಿ ಹೊಸದಲ್ಲ. ಹುಡುಗ ಹುಡುಗಿ ಕೂತ ಕಾರಿನ ನಂಬರ್ ಹಾಕಿದ ಕೂಡಲೇ ಮಾಲೀಕರ ಹೆಸರು ಬಂದರೆ, ಹೆಸರಿನ ಜೊತೆಗೇ ಜಾತಿ, ಧರ್ಮವೂ ಗೊತ್ತಾಗುತ್ತದೆ. ಸ್ಕೂಟರಿನಲ್ಲಿ ಹೋದ ಹುಡುಗಿಯ ನಂಬರ್ ಬರೆದುಕೊಂಡವನಿಗೆ ವಿಳಾಸ ಸಿಕ್ಕರೆ ಏನಾದೀತು ಎಂದು ವಿವರಿಸಬೇಕಾಗಿಲ್ಲ. ಈ ಊರಿನಲ್ಲಿ ಆ ನಕ್ಷತ್ರಗಳು ಇರಲೇಬೇಕು.

ಆದರೆ ಮುಚ್ಚಿದ ಮೇಲೆ, ಕಾರಣವಿದ್ದವರಿಗೆ ತೆರೆಯುವ ಒಂದು ಕ್ರಮವೂ ಬೇಕಿತ್ತು. ಬ್ರಿಟನ್ನಿನಲ್ಲಿ ಅದಿದೆ. ಸರಿಯಾದ ಕಾರಣ ಬರೆದು, ನಿಗದಿತ ಫಾರಂ ತುಂಬಿ, ಶುಲ್ಕ ಕಟ್ಟಿದರೆ ಅಲ್ಲಿನ ಇಲಾಖೆ ಪರಿಶೀಲಿಸಿ ಹೆಸರು ಕೊಡುತ್ತದೆ. ನಮ್ಮಲ್ಲಿ ಅಪಘಾತದ 160ನೇ ಸೆಕ್ಷನ್ ಬಿಟ್ಟರೆ ಸಾಮಾನ್ಯ ಜನರಿಗೆ ಅಂಥ ನೇರ ದಾರಿ ಕಾಣುವುದಿಲ್ಲ. ಹೆಸರು ಕೊಡಲು ಹೆದರಿಕೆಯಾದರೆ ಪತ್ರವನ್ನಾದರೂ ಮುಟ್ಟಿಸಬಹುದು. ಹಳೇ ಮಾಲೀಕರು ಬರೆದ ಪತ್ರವನ್ನು ಆರ್‌ಟಿಓ ಹೊಸ ಮಾಲೀಕರಿಗೆ ಕಳಿಸಲಿ, ಉತ್ತರ ಕೊಡುವುದು ಬಿಡುವುದು ಅವರಿಗೆ ಸೇರಿದ್ದು. ಹೀಗೆ ಮಾಡಿದರೆ ಯಾರ ಗುಟ್ಟೂ ಹೊರಗೆ ಬೀಳುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಫಾರಂ 29ರ ಬಲ. ಈಗ ಮಾರಿದವರು ಒಬ್ಬರೇ ತಿಳಿಸಿದರೆ ಹೆಸರು ಬದಲಾಗುವುದಿಲ್ಲ. ಕೊಂಡವರ ಅರ್ಜಿಯೂ ಬೇಕು. ಮಾರಿದ್ದೇನೆ ಎಂದು ಒಬ್ಬರು ಹೇಳಿದ ಕ್ಷಣದಿಂದಲೇ ಕೊಂಡವರ ಹೆಸರು ದಾಖಲೆಯಲ್ಲಿ ನಿಂತು, ಮುಂದಿನ ದಂಡವೂ ನೋಟಿಸೂ ಇಬ್ಬರಿಗೂ ಹೋಗುವಂತಾದರೆ ಗಾಡಿ ಹುಡುಕುವ ಪ್ರಮೇಯವೇ ಬಹುಪಾಲು ಇರುವುದಿಲ್ಲ. ಡೀಲರಿಗೆ ಮಾಡಿದ್ದನ್ನು ಉಳಿದವರಿಗೆ ಮಾಡಲು ಅಡ್ಡಿ ಏನು?

ಈಗಾಗಲೇ ಕೊಟ್ಟುಬಿಟ್ಟವರಿಗೆ

ಮೊದಲು ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ನಿಮ್ಮದೇ ಹೆಸರಾದರೆ ನಕ್ಷತ್ರಗಳ ನಡುವೆಯೂ ಗುರುತು ಸಿಗುತ್ತದೆ. ಆಮೇಲೆ ಇನ್ಶೂರೆನ್ಸ್ ದಿನಾಂಕ ನೋಡಿ. ಅದು ನೀವು ಮಾರಿದ ನಂತರ ರಿನ್ಯೂ ಆಗಿದ್ದರೆ ಎರಡು ವಿಷಯ ತಿಳಿಯುತ್ತದೆ. ದೊಡ್ಡ ಅಪಾಯ ಸದ್ಯಕ್ಕಿಲ್ಲ. ಜೊತೆಗೆ, ಗಾಡಿ ಇಟ್ಟುಕೊಂಡವರ ಫೋನ್ ನಂಬರ್ ಒಂದು ವಿಮಾ ಕಂಪನಿಯ ಹತ್ತಿರ ಇರಬಹುದು. ನಿಮಗೆ ಕೊಡದಿದ್ದರೂ ಪೊಲೀಸರಿಗೆ ಕೊಡುತ್ತಾರೆ. ವಿಮೆ ಮುಗಿದಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬಾರದು.

ಕಾರಾದರೆ ಫಾಸ್ಟ್ಯಾಗ್ ಕೂಡ ಸುಳಿವು ಕೊಡುತ್ತದೆ. ನಿಮ್ಮ ಟ್ಯಾಗ್ ಇನ್ನೂ ಅದರಲ್ಲೇ ಇದ್ದರೆ ತಲಪಾಡಿ, ಹೆಜಮಾಡಿ, ಸಾಸ್ತಾನ ಎಂದು ಮೆಸೇಜ್ ಬರುತ್ತಿರುತ್ತದೆ. ದುಡ್ಡು ಹೋಗುತ್ತಿದೆ ಎಂದು ಕೂಡಲೇ ಬಂದ್ ಮಾಡಿಸುವ ಮುಂಚೆ ಆ ಮೆಸೇಜ್‌ಗಳನ್ನು ತೆಗೆದಿಟ್ಟುಕೊಳ್ಳಿ. ಗಾಡಿ ಯಾವ ದಿಕ್ಕಿನಲ್ಲಿ ಓಡಾಡುತ್ತಿದೆ ಎಂದು ಠಾಣೆಯಲ್ಲಿ ತೋರಿಸಲು ಅವು ಬೇಕಾಗುತ್ತವೆ.

ತಡವಾಗಿದ್ದರೂ ಫಾರಂ 29 ಕೊಟ್ಟು, ಸ್ವೀಕೃತಿ ಪಡೆಯಿರಿ. ಮಂಗಳೂರು, ಉಡುಪಿ, ಪುತ್ತೂರು, ಬಂಟ್ವಾಳ, ಗಾಡಿ ಎಲ್ಲಿ ನೋಂದಣಿಯಾಗಿದೆಯೋ ಆ ಕಚೇರಿಯಲ್ಲೇ. ಇದರಿಂದ ಮಾಲೀಕತ್ವ ಬದಲಾಗುವುದಿಲ್ಲ, ಆದರೆ ಮಾರಿದ್ದಕ್ಕೆ ತಾರೀಕು ಬೀಳುತ್ತದೆ. ಡೆಲಿವರಿ ನೋಟ್ ಇದ್ದರೆ, ಹಣ ಬಂದ ಬ್ಯಾಂಕ್ ದಾಖಲೆ ಇದ್ದರೆ, ವಾಟ್ಸ್ಆ್ಯಪ್ ಮಾತುಕತೆ ಇದ್ದರೆ ಎಲ್ಲವನ್ನೂ ಜೊತೆಗಿಡಿ. ಕೊಂಡವರು ಗೊತ್ತಿದ್ದೂ ಹೆಸರು ಬದಲಿಸದಿದ್ದರೆ ವಕೀಲರ ನೋಟಿಸ್, ಅದಕ್ಕೂ ಬಗ್ಗದಿದ್ದರೆ ಸಿವಿಲ್ ಕೋರ್ಟ್. ಹೆಸರು ಬದಲಿಸಿಕೊಡುತ್ತೇನೆಂದು ಹಣ ಪಡೆದ ಕನ್ಸಲ್ಟೆಂಟ್ ಆದರೆ ಗ್ರಾಹಕ ಆಯೋಗಕ್ಕೂ ಹೋಗಬಹುದು. ಪೊಲೀಸರ ಅಥವಾ ಕೋರ್ಟಿನ ಪತ್ರವಿದ್ದರೆ ಆ ನಂಬರಿನ ಮೇಲೆ ಯಾವ ವ್ಯವಹಾರವೂ ನಡೆಯದಂತೆ ಆರ್‌ಟಿಓ ತಡೆ ಹಾಕಬಹುದು. ಆಮೇಲೆ ಗಾಡಿ ಇಟ್ಟುಕೊಂಡವರೇ ನಿಮ್ಮನ್ನು ಹುಡುಕಿಕೊಂಡು ಬರುವ ಸಾಧ್ಯತೆಯೂ ಇದೆ.

ಟೆಲಿಗ್ರಾಂನಲ್ಲಿ ಚಿಲ್ಲರೆ ಕಾಸಿಗೆ ಮಾಲೀಕರ ವಿವರ ಕೊಡುತ್ತೇವೆ ಎನ್ನುವ ಬಾಟ್‌ಗಳ ಸಹವಾಸ ಬೇಡ. ಅದು ಕದ್ದ ದತ್ತಾಂಶ. ಅದನ್ನು ಕೋರ್ಟಿನಲ್ಲಿ ತೋರಿಸಹೋದರೆ ನಿಮ್ಮನ್ನೇ ಪ್ರಶ್ನಿಸುತ್ತಾರೆ. ಹೆಸರು ಬದಲಾಗದ ಗಾಡಿಯಾದರೆ ಆ ಬಾಟ್ ಕೂಡ ಕೊಡುವುದು ನಿಮ್ಮದೇ ಹೆಸರನ್ನು.

ಈಗಾಗಲೇ ಅಪಘಾತವಾಗಿ ಪರಿಹಾರ ನ್ಯಾಯಮಂಡಳಿಯ ನೋಟಿಸ್ ಬಂದಿದ್ದರೆ ಗಾಡಿ ನನ್ನದಲ್ಲ ಎಂದು ಮನೆಯಲ್ಲಿ ಕೂರುವುದು ಅತಿ ಕೆಟ್ಟ ದಾರಿ. ಹಾಜರಾಗಿ, ಗಾಡಿ ಇಟ್ಟುಕೊಂಡವರನ್ನೂ ಪಕ್ಷಗಾರರನ್ನಾಗಿ ಸೇರಿಸಿ, ವಿಮೆಯ ಕಡತ ತರಿಸಿ ಎಂದು ಕೇಳಬೇಕು. ಹೊಣೆ ಪೂರ್ತಿ ತಪ್ಪದಿರಬಹುದು. ಆದರೆ ಕೊಟ್ಟ ಹಣವನ್ನು ಆಮೇಲೆ ಕೊಂಡವರಿಂದ ವಸೂಲಿ ಮಾಡಲು ಹೊರಟಾಗ ಈ ದಾಖಲೆಗಳೇ ಆಧಾರ.

ಮಣಿಪಾಲದ ಸ್ಕೂಟರ್ ಸರಪಳಿಯಲ್ಲಿ ಸಿಕ್ಕಿದವರಿಗೆ ಒಂದು ಸಮಾಧಾನವಿದೆ. ನಡುವಿನ ಮೂರ್ನಾಲ್ಕು ಜನರನ್ನು ಹುಡುಕಬೇಕಾಗಿಲ್ಲ, ಆರ್‌ಟಿಓ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಆರ್‌ಸಿಯಲ್ಲಿ ಹೆಸರಿರುವವರ ಸಹಿ ಮತ್ತು ಒಟಿಪಿ, ಈಗ ಗಾಡಿ ಇಟ್ಟುಕೊಂಡವರ ಅರ್ಜಿ, ಎಲ್ಲಕ್ಕೂ ಮೊದಲು ಬಾಕಿ ದಂಡದ ಪಾವತಿ. ಇಷ್ಟಾದರೆ ಮೊದಲನೆಯವರ ಹೆಸರಿನಿಂದ ಕೊನೆಯವರ ಹೆಸರಿಗೆ ಗಾಡಿ ನೇರವಾಗಿ ದಾಟುತ್ತದೆ. ಆ ದಂಡ ಯಾರು ಕಟ್ಟಬೇಕು ಎಂಬ ಜಗಳವನ್ನು ಮಾತ್ರ ಅವರವರೇ ಬಗೆಹರಿಸಿಕೊಳ್ಳಬೇಕು.